ಅಮೆರಿಕದ ಕಾಲೇಜ್ ಆಟಗಾರರ ಜಾಹೀರಾತು ಡೀಲ್ ರಿಪೋರ್ಟ್ ಮಾಡೋ ಆಪ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಬೆಂಗಳೂರಲ್ಲಿ ಕೂತು ಅಮೆರಿಕದ ಕಾಲೇಜ್ ಸ್ಪೋರ್ಟ್ಸ್‌ಗೆ ಆಪ್ ಡಿಸೈನ್ ಮಾಡೋ ಸಣ್ಣ ಟೀಮು. ಮನೇಲಿ, ಫ್ರೆಂಡ್ಸ್ ಹತ್ರ, ಹೊಸದಾಗಿ ಸೇರೋ ಹುಡುಗ್ರ ಹತ್ರ, ಅಲ್ಲಿರೋ ಕನ್ನಡದ ಅಪ್ಪ ಅಮ್ಮಂದಿರ ಹತ್ರ ಹೇಳಿದ್ದೇ ಹೇಳಿ ಸಾಕಾಗಿದೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರ್ದು ಹಾಕ್ತಿದೀನಿ. ಇದು ಲೀಗಲ್ ಸಲಹೆ ಅಲ್ಲ, ಆಪ್ ಹೇಗೆ ಕಟ್ಬೇಕು ಅನ್ನೋದರ ಬಗ್ಗೆ ಒಬ್ಬ ಡಿಸೈನರ್ ಮಾತು ಅಷ್ಟೇ.

ಮೊದ್ಲು ಇದು ಹೇಳಿ, ಎನ್‌ಐಎಲ್ ಅಂದ್ರೆ ಏನು?

ನೇಮ್, ಇಮೇಜ್, ಲೈಕ್ನೆಸ್. ಅಂದ್ರೆ ಆಟಗಾರನ ಹೆಸರು, ಮುಖ, ಗುರುತು. ಅದನ್ನ ಬಳಸ್ಕೊಂಡು ಜಾಹೀರಾತು ಮಾಡಿದ್ರೆ ಆಟಗಾರನಿಗೆ ದುಡ್ಡು ಬರ್ಬೇಕು ಅನ್ನೋದು ನಮಗೆ ಸಹಜ ಅನ್ಸತ್ತೆ, ಆದ್ರೆ ಅಮೆರಿಕದ ಕಾಲೇಜ್ ಆಟಗಳನ್ನ ನೋಡ್ಕೊಳ್ಳೋ ಎನ್‌ಸಿಎಎ ಇದನ್ನ ದಶಕಗಟ್ಟಲೆ ಬಿಡ್ಲೇ ಇಲ್ಲ, ಕಾಲೇಜ್ ಆಟಗಾರ ಅಮೆಚೂರ್ ಆಗೇ, ಅಂದ್ರೆ ದುಡ್ಡಿಗೆ ಆಡದೋನಾಗೇ ಇರ್ಬೇಕು ಅಂತ. ಸ್ಟೇಡಿಯಂನಲ್ಲಿ ಲಕ್ಷ ಜನ ಕೂತಿರ್ತಾರೆ, ಟೀವಿ ಹಕ್ಕಿಗೆ ಕೋಟಿಗಟ್ಟಲೆ ಡಾಲರ್ ಬರತ್ತೆ, ಕೋಚ್‌ಗೆ ವರ್ಷಕ್ಕೆ ಮಿಲಿಯನ್‌ಗಳು, ಆಡೋ ಹುಡುಗ ಮಾತ್ರ ತನ್ನ ಯೂಟ್ಯೂಬ್ ಚಾನೆಲ್‌ನಿಂದ ನಾಲ್ಕು ಕಾಸು ಮಾಡ್ಕೊಂಡ್ರೂ ತಪ್ಪು. ಇದು ಉತ್ಪ್ರೇಕ್ಷೆ ಅಲ್ಲ, 2017ರಲ್ಲಿ ಸೆಂಟ್ರಲ್ ಫ್ಲಾರಿಡಾ ಯೂನಿವರ್ಸಿಟಿ ಫುಟ್‌ಬಾಲ್ ಟೀಮಿನ ಕಿಕ್ಕರ್ ಡೊನಾಲ್ಡ್ ಡಿ ಲಾ ಹೇ ಇದೇ ಯೂಟ್ಯೂಬ್ ವಿಷಯಕ್ಕೆ ಆಡೋ ಅರ್ಹತೆ ಕಳ್ಕೊಂಡ.

ಯಾವಾಗ ಬದಲಾಯ್ತು?

ಒಂದೇ ದಿನದಲ್ಲಿ ಆಗಿದ್ದಲ್ಲ. ಯುಸಿಎಲ್‌ಎ ಬ್ಯಾಸ್ಕೆಟ್‌ಬಾಲ್ ಟೀಮಲ್ಲಿ ಆಡಿದ್ದ ಎಡ್ ಓಬ್ಯಾನನ್ ತನ್ನ ಥರಾನೇ ಇರೋ ಆಟಗಾರನ್ನ ವಿಡಿಯೋ ಗೇಮಲ್ಲಿ ನೋಡಿ 2009ರಲ್ಲಿ ಕೇಸ್ ಹಾಕಿದ. ಆಟಗಾರರು ಇಂಥ ದುಡ್ಡು ತಗೋಬಹುದು ಅಂತ ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನು ಮಾಡ್ತು. 2021 ಜೂನ್ 21ಕ್ಕೆ ಸುಪ್ರೀಂ ಕೋರ್ಟು ಆಲ್ಸ್‌ಟನ್ ಕೇಸಲ್ಲಿ 9ಕ್ಕೆ 9 ಜಡ್ಜ್‌ಗಳೂ ಸೇರಿ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ರು. ಆ ಕೇಸ್ ಇದ್ದಿದ್ದು ಓದಿಗೆ ಸಂಬಂಧಪಟ್ಟ ಸೌಲಭ್ಯಗಳ ಬಗ್ಗೆ, ಜಾಹೀರಾತಿನ ಬಗ್ಗೆ ಅಲ್ಲ, ಆದ್ರೂ ಗಾಳಿ ಯಾವ ಕಡೆ ಬೀಸ್ತಿದೆ ಅಂತ ಎಲ್ರಿಗೂ ಗೊತ್ತಾಯ್ತು. ಹತ್ತೇ ದಿನಕ್ಕೆ, ಜುಲೈ 1ಕ್ಕೆ, ಎನ್‌ಸಿಎಎ ಬಾಗಿಲು ತೆಗೀತು. ಅವತ್ತೇ ಫ್ರೆಸ್ನೊ ಸ್ಟೇಟ್‌ನ ಅವಳಿ ಅಕ್ಕತಂಗಿ ಹಾನಾ ಮತ್ತೆ ಹೇಲಿ ಕ್ಯಾವಿಂಡರ್ ಒಂದು ಮೊಬೈಲ್ ಕಂಪನಿ ಜೊತೆ ಡೀಲ್ ಮಾಡ್ಕೊಂಡು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಬೋರ್ಡ್ ಮೇಲೆ ಬಂದ್ರು.

ನನಗೆ ಇಷ್ಟವಾದ ಡೀಲ್ ಅಂದ್ರೆ ನೆಬ್ರಾಸ್ಕದ ಡಿಕೋಲ್ಡೆಸ್ಟ್ ಕ್ರಾಫರ್ಡ್‌ದು, ಹೆಸರಲ್ಲೇ "ಅತಿ ತಣ್ಣಗೆ" ಅಂತ ಇದೆಯಲ್ಲ, 2022ರಲ್ಲಿ ಅವನು ಮಾಡಿದ್ದು ಒಂದು ಎಸಿ ರಿಪೇರಿ ಕಂಪನಿ ಜಾಹೀರಾತು. ಈ ಥರದ ಸಣ್ಣ ಲೋಕಲ್ ಡೀಲ್‌ಗಳನ್ನ ಮನಸ್ಸಲ್ಲಿ ಇಟ್ಕೊಂಡೇ ಆಪ್ ಮಾಡ್ಬೇಕು, ಟೈಮ್ಸ್ ಸ್ಕ್ವೇರ್ ಡೀಲ್ ಇರೋರಿಗೆ ಹೇಗಿದ್ರೂ ಲಾಯರ್ ಇರ್ತಾರೆ.

ಸರಿ, ದುಡ್ಡು ತಗೋಬಹುದು ಅಂತ ಆಯ್ತಲ್ಲ, ಇನ್ನು ರಿಪೋರ್ಟ್ ಯಾಕೆ?

ಬಾಗಿಲು ತೆಗೆದ ತಕ್ಷಣ ಜಾಹೀರಾತಿನ ಹೆಸರಲ್ಲಿ ಬೇರೇನೇ ಶುರುವಾಯ್ತು. ಕಾಲೇಜಿನ ಅಭಿಮಾನಿ ದೊಡ್ಡ ಮನುಷ್ಯರು ಸೇರ್ಕೊಂಡು "ಕಲೆಕ್ಟಿವ್" ಅಂತ ಮಾಡಿ, ನಮ್ಮ ಕಾಲೇಜಿಗೆ ಬಾ ನಿಂಗಿಷ್ಟು ಕೊಡ್ತೀವಿ ಅಂತ ಹುಡುಗ್ರನ್ನ ಸೆಳೆಯೋಕೆ ಹಿಡಿದ್ರು, ಕಾಗದದ ಮೇಲೆ ಮಾತ್ರ "ಎರಡು ಇನ್‌ಸ್ಟಾ ಪೋಸ್ಟಿಗೆ" ಅಂತ ಇರತ್ತೆ. ಯಾವುದು ನಿಜವಾದ ಜಾಹೀರಾತು ಯಾವುದು ಸಂಬಳ ಅಂತ ಗೊತ್ತಾಗ್ಬೇಕಲ್ಲ.

ಈಗ ನಡೀತಿರೋ ವ್ಯವಸ್ಥೆ ಬಂದಿದ್ದು ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಅನ್ನೋ ಕೇಸಿನ ರಾಜಿಯಿಂದ. 2025 ಜೂನ್ 6ಕ್ಕೆ ಜಡ್ಜ್ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆ ಕೊಟ್ರು. ಹಳೇ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ, ಜುಲೈ 1ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡ್ಬಹುದು, ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಈ ಮಿತಿ ಇದೆಯಲ್ಲ, ಅದೇ ಕಾರಣ. ಒಳಗಿಂದ ಕೊಡೋದಕ್ಕೆ ಮಿತಿ ಹಾಕಿದ ಮೇಲೆ ಹೊರಗಿಂದ ಬರೋ ದುಡ್ಡನ್ನ ನೋಡ್ದೇ ಬಿಟ್ರೆ ಮಿತಿಗೆ ಅರ್ಥವೇ ಇಲ್ಲ. ಅದಕ್ಕೆ ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಅಂತ ಹೊಸ ಸಂಸ್ಥೆ ಮಾಡಿದ್ರು, ಡೆಲಾಯ್ಟ್ ಕಂಪನಿ ಕಟ್ಟಿರೋ ಎನ್‌ಐಎಲ್ ಗೋ ಅನ್ನೋ ಪೋರ್ಟಲ್ ಬಂತು. ಕಾಲೇಜೇ ಕೊಡೋ ದುಡ್ಡಿಗೆ ಕ್ಯಾಪ್ಸ್ ಅಂತ ಬೇರೆ ಸಿಸ್ಟಮ್ ಇದೆ, ಅದನ್ನ ಇದಕ್ಕೆ ಸೇರಿಸಿ ಗೊಂದಲ ಮಾಡ್ಕೋಬೇಡಿ.

ಯಾವ ಡೀಲ್ ರಿಪೋರ್ಟ್ ಮಾಡ್ಬೇಕು, ಎಷ್ಟು ದಿನದಲ್ಲಿ?

ಡಿವಿಷನ್ 1, ಅಂದ್ರೆ ಎನ್‌ಸಿಎಎಯ ಎಲ್ಲಕ್ಕಿಂತ ಮೇಲಿನ ಹಂತದ ಆಟಗಾರರಿಗೆ ಹೊರಗಿನವರ ಜೊತೆಗಿನ ಡೀಲ್ 600 ಡಾಲರ್ ಅಥವಾ ಜಾಸ್ತಿ ಇದ್ರೆ ಐದು ಕೆಲಸದ ದಿನದೊಳಗೆ ಎನ್‌ಐಎಲ್ ಗೋ ನಲ್ಲಿ ಹಾಕ್ಬೇಕು. 600 ಅಂದ್ರೆ ನಮ್ಮ ಲೆಕ್ಕದಲ್ಲಿ 50 ಸಾವಿರ ರೂಪಾಯಿ ಆಸುಪಾಸು, ಅಲ್ಲಿ ಅದು ದೊಡ್ಡ ಮೊತ್ತವೇ ಅಲ್ಲ. ಇದರ ಮೇಲೆ ರಾಜ್ಯದ ಕಾನೂನು ಬೇರೆ, ಕಾಲೇಜಿನ ಸ್ವಂತ ರೂಲ್ಸ್ ಬೇರೆ. ಕೆಲವು ಕಡೆ ಸಹಿ ಹಾಕೋಕೆ ಮುಂಚೆನೇ ಕಾಲೇಜಿಗೆ ತೋರಿಸ್ಬೇಕು, ಕೆಲವು ಕಡೆ ಮೊತ್ತ ಎಷ್ಟೇ ಇರ್ಲಿ ಹೇಳ್ಬೇಕು.

ಇಲ್ಲೊಂದು ತೊಡಕಿದೆ. 600 ಅನ್ನೋದು ಒಂದೊಂದು ಡೀಲಿಗಲ್ಲ, ಒಬ್ಬರೇ ಕೊಟ್ಟಿದ್ದೆಲ್ಲ ಸೇರಿಸಿ. ಪಿಜ್ಜಾ ಅಂಗಡಿಯವನು ಸೆಪ್ಟೆಂಬರಲ್ಲಿ 250 ಕೊಟ್ಟ, ಅಕ್ಟೋಬರಲ್ಲಿ 200, ನವೆಂಬರಲ್ಲಿ ಇನ್ನೊಂದು 200, ಆಗ ಮೂರನೇದು ಬಂದ ಕೂಡ್ಲೇ 650 ಆಯ್ತು, ಗಡಿ ದಾಟ್ತು. ಹುಡುಗನಿಗೆ ಇದು ಹೊಳೆಯೋದೇ ಇಲ್ಲ, ಅವನ ತಲೇಲಿ ಅದು ಮೂರು ಸಣ್ಣ ಡೀಲು. ಪಿಜ್ಜಾ ಅಂಗಡಿ ಓನರ್‌ದೇ ಪಕ್ಕದ ಕಾರ್ ವಾಷ್ ಕೂಡ ಆಗಿದ್ರೆ? ಅದೂ ಸೇರತ್ತೆ. ಹಾಗಾಗಿ ನಮ್ಮ ಆಪಲ್ಲಿ 600ಕ್ಕಿಂತ ಕಡಿಮೆದೂ ಹಾಕೋಕೆ ಹೇಳ್ತೀವಿ, ಕೂಡೋ ಲೆಕ್ಕ ಆಪ್ ಇಟ್ಕೊಳ್ಳತ್ತೆ, ಗಡಿ ಹತ್ರ ಬಂದಾಗ ಮೆಸೇಜ್ ಹೋಗತ್ತೆ. ಅರ್ಧ ಆಪ್ ಇದಕ್ಕೋಸ್ಕರಾನೇ ಇದೆ ಅಂದ್ರೂ ತಪ್ಪಿಲ್ಲ.

ದುಡ್ಡೇ ಕೊಡದೆ ಶೂ, ಊಟ, ಕಾರು ಕೊಟ್ರೆ?

ಅದೂ ಲೆಕ್ಕಕ್ಕೆ. ಕಾರ್ ಡೀಲರ್ ಒಂದು ವರ್ಷ ಓಡಿಸ್ಕೋ ಅಂತ ಪಿಕಪ್ ಟ್ರಕ್ ಕೊಟ್ರೆ ಅದರ ಬೆಲೆ ಎಷ್ಟು ಅಂತ ಬರೀಬೇಕು. "ಎಷ್ಟು ಡಾಲರ್ ಬಂತು" ಅಂತ ಕೇಳಿದ್ರೆ ಹುಡುಗ ಪ್ರಾಮಾಣಿಕವಾಗೇ ಸೊನ್ನೆ ಅಂತ ಹಾಕ್ತಾನೆ. "ಏನೇನ್ ಕೊಟ್ರು" ಅಂತ ಕೇಳ್ಬೇಕು, ದುಡ್ಡು, ವಸ್ತು, ಊಟ, ಗಾಡಿ, ಡಿಸ್ಕೌಂಟ್ ಅಂತ ಚಿತ್ರ ಇಟ್ರೆ ಸಾಕು, ಒತ್ತುತಾನೆ.

ಆಪ್ ಅಂದ್ರೆ ಒಂದು ಫಾರ್ಮ್ ತಾನೆ? ಅದಕ್ಕೇನು ಅಷ್ಟು ಡಿಸೈನು?

ನಾನೂ ಹಂಗೇ ಅನ್ಕೊಂಡಿದ್ದೆ. ಮೊದಲ ವರ್ಷನ್ ಹಂಗೇ ಮಾಡಿದ್ವಿ, ರೂಲ್ ಬುಕ್ಕಲ್ಲಿ ಏನಿದೆಯೋ ಅದೇ ಪದ ತಂದು ಫಾರ್ಮಲ್ಲಿ ಹಾಕಿದ್ವಿ. "ದುಡ್ಡು ಕೊಡ್ತಿರೋರು ಅಸೋಸಿಯೇಟೆಡ್ ಎಂಟಿಟಿನಾ? ಹೌದು / ಇಲ್ಲ." ಅಂದ್ರೆ ಕಾಲೇಜಿನ ಜೊತೆ ನಂಟಿರೋರಾ ಅಂತ. ಹತ್ತೊಂಬತ್ತು ವರ್ಷದ ವಾಲಿಬಾಲ್ ಆಡೋ ಹುಡುಗಿಗೆ ಆ ಪದ ಏನು ಗೊತ್ತಿರತ್ತೆ? ಟ್ರಯಲ್ ಮಾಡಿದಾಗ ಎಲ್ರೂ "ಇಲ್ಲ" ಒತ್ತಿ ಮುಂದೆ ಹೋದ್ರು. ತಪ್ಪು ಮಾಹಿತಿ ಕೊಟ್ಟಿದ್ದು ಅವರಲ್ಲ, ತಪ್ಪು ಪ್ರಶ್ನೆ ಕೇಳಿದ್ದು ನಾವು.

ಆಗ ನಂಗೆ ನೆನಪಾಗಿದ್ದು ನಮ್ಮೂರ ತಾಲ್ಲೂಕು ಆಫೀಸು. ಹೊರಗೆ ಮರದ ಕೆಳಗೆ ಟೈಪ್‌ರೈಟರ್ ಇಟ್ಕೊಂಡು ಅರ್ಜಿ ಬರೆಯೋರು ಕೂತಿರ್ತಿದ್ರು, ಈಗ್ಲೂ ಕೆಲವು ಕಡೆ ಇದಾರೆ. ಅಜ್ಜಿ ಬಂದ್ರೆ ಅವರು "ಪೌತಿ ಖಾತೆಗೆ ಅರ್ಜಿನಾ?" ಅಂತ ಕೇಳಲ್ಲ. "ಯಾಕಜ್ಜಿ ಬಂದ್ರಿ? ಯಜಮಾನ್ರು ತೀರ್ಕೊಂಡು ಎಷ್ಟು ದಿನ ಆಯ್ತು? ಜಮೀನು ಯಾರ ಹೆಸರಲ್ಲಿತ್ತು? ಮಕ್ಕಳೆಷ್ಟು, ಹೆಣ್ಣೆಷ್ಟು ಗಂಡೆಷ್ಟು?" ಅಂತ ಕೇಳ್ತಾರೆ. ಅಜ್ಜಿಗೆ ಗೊತ್ತಿರೋದನ್ನ ಅಜ್ಜಿ ಮಾತಲ್ಲೇ ಕೇಳಿ, ಆಫೀಸಿಗೆ ಬೇಕಾದ್ದನ್ನ ಆಫೀಸ್ ಭಾಷೇಲಿ ಬರ್ದು ಕೊಡ್ತಾರೆ. ನಮ್ಮ ಆಪ್ ಆಗ್ಬೇಕಾಗಿರೋದು ಅದೇ. ಪೋರ್ಟಲ್ ಮುಂದೆ ಕೂತಿರೋ ಅರ್ಜಿ ಬರೆಯೋನು.

ಈಗ ಆ ಒಂದು ಪ್ರಶ್ನೆ ನಾಲ್ಕಾಗಿದೆ. ಈ ಅಂಗಡಿಯವರು ನಿಂಗೆ ಹೇಗೆ ಪರಿಚಯ ಆದ್ರು? ಕಾಲೇಜಿನ ಕಡೆಯಿಂದ ಯಾರಾದ್ರೂ ಪರಿಚಯ ಮಾಡಿಸಿದ್ರಾ? ನೀನು ಈ ಕಾಲೇಜಿಗೆ ಸೇರೋಕೆ ಮುಂಚೆನೇ ಇವರು ಮಾತಾಡಿದ್ರಾ? ಇವರ ಹೆಸರು ಸ್ಟೇಡಿಯಂ ಗೋಡೆ ಮೇಲೋ ದಾನಿಗಳ ಪಟ್ಟೀಲೋ ನೋಡಿದೀಯಾ? ಕೊನೇ ಪ್ರಶ್ನೆ ಯಾಕೆ ಅಂದ್ರೆ, ಕಾಲೇಜಿಗೋ ಕಲೆಕ್ಟಿವ್‌ಗೋ ಒಟ್ಟು 50,000 ಡಾಲರ್‌ಗಿಂತ ಜಾಸ್ತಿ ಕೊಟ್ಟಿರೋ ವ್ಯಕ್ತಿ ಆ ಅಸೋಸಿಯೇಟೆಡ್ ಎಂಟಿಟಿ ವರ್ಗಕ್ಕೆ ಸೇರ್ತಾನೆ, ಅವನ ಡೀಲ್ ಹೆಚ್ಚು ಕಣ್ಣಿಟ್ಟು ನೋಡ್ತಾರೆ. ಅವನೆಷ್ಟು ಕೊಟ್ಟಿದಾನೆ ಅನ್ನೋದು ಹುಡುಗಿಗೆ ಗೊತ್ತಿರೋಕೆ ಸಾಧ್ಯವೇ ಇಲ್ಲ, ಅದು ರೂಲ್ಸ್ ಪಾಲನೆ ನೋಡ್ಕೊಳ್ಳೋ ಕಾಲೇಜಿನ ಕಂಪ್ಲಯನ್ಸ್ ಆಫೀಸಿಗೆ ಗೊತ್ತಿರತ್ತೆ. ಅದಕ್ಕೆ "ಗೊತ್ತಿಲ್ಲ" ಅನ್ನೋ ಬಟನ್ ದೊಡ್ಡದಾಗೇ ಇದೆ. ಅದನ್ನ ಒತ್ತಿದ್ರೆ ಆಫೀಸಿನವರ ಪಟ್ಟಿಗೆ ಹೋಗತ್ತೆ, ಅವರು ನೋಡಿ ಹಾಕ್ತಾರೆ. ನಮ್ಮ ಕ್ಲೈಂಟ್ ಆಗಿರೋ ಕಾಲೇಜಿನ ಕಡೆ ಒಬ್ರು ಈ ಬಟನ್ ತೆಗೀರಿ ಎಲ್ರೂ ಅದನ್ನೇ ಒತ್ತುತಾರೆ ಅಂತ ಗಲಾಟೆ ಮಾಡಿದ್ರು. ಒತ್ಲಿ ಬಿಡಿ. ಸುಳ್ಳು "ಇಲ್ಲ"ಗಿಂತ ನಿಜವಾದ "ಗೊತ್ತಿಲ್ಲ" ಸಾವಿರ ಪಾಲು ಮೇಲು.

ಎನ್‌ಐಎಲ್ ಗೋ ನಲ್ಲಿ ಏನ್ ನೋಡ್ತಾರೆ? ರಿಜೆಕ್ಟ್ ಆಗತ್ತಾ?

ದುಡ್ಡು ಕೊಡ್ತಿರೋರಿಗೂ ಕಾಲೇಜಿಗೂ ಏನು ನಂಟು, ಇದರಲ್ಲಿ ನಿಜವಾದ ವ್ಯಾಪಾರ ಇದೆಯಾ, ಕೊಡೋ ಮೊತ್ತ ಮಾಡೋ ಕೆಲಸಕ್ಕೆ ಹೊಂದತ್ತಾ. ಈ ಮೂರು. ಆಗಲ್ಲ ಅಂತ ಬಂದ್ರೆ ಡೀಲ್ ತಿದ್ದಿ ಮತ್ತೆ ಹಾಕ್ಬಹುದು, ಕೈ ಬಿಡ್ಬಹುದು, ಆರ್ಬಿಟ್ರೇಷನ್‌ಗೆ, ಅಂದ್ರೆ ಮಧ್ಯಸ್ಥರ ಮುಂದೆ ಹೋಗ್ಬಹುದು. ಒಪ್ಪಿಗೆ ಸಿಗದ ಡೀಲಿನ ದುಡ್ಡು ತಗೊಂಡ್ರೆ ಆಡೋ ಅರ್ಹತೆಗೇ ಕುತ್ತು.

ಹಾಗಾಗಿ "ಸಲ್ಲಿಸಿದೆ" ಮತ್ತೆ "ಒಪ್ಪಿಗೆ ಆಯ್ತು" ಎರಡೂ ಬೇರೆ ಅಂತ ಸ್ಕ್ರೀನಲ್ಲಿ ಕಣ್ಣಿಗೆ ಹೊಡೆಯೋ ಹಾಗಿರ್ಬೇಕು. ನಾವು ಮೊದ್ಲು ಸಲ್ಲಿಸಿದ ಕೂಡ್ಲೇ ಹಸಿರು ಟಿಕ್ ತೋರಿಸ್ತಿದ್ವಿ, ಹಸಿರು ನೋಡಿದ ಹುಡುಗ ಮುಗೀತು ಅನ್ಕೊಂಡು ದುಡ್ಡು ಖರ್ಚು ಮಾಡೋಕೆ ಹೊರಡ್ತಾನೆ. ಈಗ ಸಲ್ಲಿಸಿದ ಮೇಲೆ ಹಳದಿ, "ಇನ್ನೂ ದುಡ್ಡು ಮುಟ್ಬೇಡ" ಅಂತ ಒಂದು ಸಾಲು. ಬಣ್ಣ ಕಾಣದವರೂ ಇರ್ತಾರೆ, ಸಾಲು ಬೇಕೇ ಬೇಕು.

ನಿಮ್ಮ ಆಪೇ ನೇರವಾಗಿ ಅಲ್ಲಿ ಸಲ್ಲಿಸತ್ತಾ?

ಇಲ್ಲ. ಅಲ್ಲಿಗೆ ಬೇಕಾದ್ದೆಲ್ಲ ಜೋಡಿಸಿ ಕೊಡತ್ತೆ, ಕೊನೇ ಬಟನ್ ಆಟಗಾರನೇ ಅಲ್ಲಿ ಹೋಗಿ ಒತ್ಬೇಕು. ಹುಡುಗನ ಪಾಸ್‌ವರ್ಡ್ ಇಸ್ಕೊಂಡು ಅವನ ಪರವಾಗಿ ಲಾಗಿನ್ ಆಗೋ ಐಡಿಯಾ ಒಬ್ರು ಕೊಟ್ಟಿದ್ರು, ಅವತ್ತೇ ಸಾಯಿಸಿದ್ವಿ. ಅರ್ಜಿ ಬರೆಯೋನು ಅರ್ಜಿ ಬರೀತಾನೆ, ಹೆಬ್ಬೆಟ್ಟು ಒತ್ತಲ್ಲ.

ಐದು ದಿನ ಅಂತ ಎಣಿಸೋದ್ರಲ್ಲಿ ಏನ್ ಕಷ್ಟ?

ಹೇಳ್ತೀನಿ ಕೇಳಿ, ನಮ್ಮ ಮರ್ಯಾದೆ ಹೋಗೋದ್ರಲ್ಲಿತ್ತು. ಸರ್ವರ್ ಗಡಿಯಾರ ಯುಟಿಸಿಯಲ್ಲಿ, ಅಂದ್ರೆ ಜಗತ್ತಿಗೆಲ್ಲ ಒಂದೇ ಆಗಿರೋ ಸಮಯದಲ್ಲಿ ಇತ್ತು, ಯಾರೂ ಯೋಚ್ನೆ ಮಾಡಿರ್ಲಿಲ್ಲ. ಟೆಸ್ಟ್ ಮಾಡೋ ಹುಡುಗಿ ಸುಮ್ನೆ ಹವಾಯಿ ಅಂತ ಆರಿಸಿ ಗುರುವಾರ ಸಂಜೆ 6 ಗಂಟೆಗೆ ಸಹಿ ಆಯ್ತು ಅಂತ ಹಾಕಿದ್ಲು. ಹವಾಯಿಲಿ ಗುರುವಾರ ಸಂಜೆ 6 ಅಂದ್ರೆ ಯುಟಿಸಿಯಲ್ಲಿ ಶುಕ್ರವಾರ ಬೆಳಗಿನ ಜಾವ 4, ನಮಗೆ ಶುಕ್ರವಾರ ಬೆಳಗ್ಗೆ 9:30. ಸಿಸ್ಟಮ್ ಶುಕ್ರವಾರ ಸಹಿ ಆಯ್ತು ಅಂತ ತಿಳ್ಕೊಂಡು, ಶನಿವಾರ ಭಾನುವಾರ ಬಿಟ್ಟು, ಮುಂದಿನ ಶುಕ್ರವಾರ ಕಡೇ ದಿನ ಅಂತು. ನಿಜವಾದ ಕಡೇ ದಿನ ಗುರುವಾರ. ಆಪನ್ನ ನಂಬ್ಕೊಂಡು ಶುಕ್ರವಾರ ಹಾಕಿದ್ರೆ ಹುಡುಗ ಲೇಟು, ತಪ್ಪು ನಮ್ದು, ಶಿಕ್ಷೆ ಅವನಿಗೆ. ಆ ಹುಡುಗಿಗೆ ಅವತ್ತು ಮಸಾಲೆ ದೋಸೆ ಕೊಡಿಸಿದೆ.

ಈಗ ಸಹಿ ಹಾಕಿದ ಜಾಗದ ಗಡಿಯಾರನೇ ಲೆಕ್ಕ, ಮತ್ತೆ ಆಪ್ ಐದನೇ ದಿನವನ್ನ ದೊಡ್ಡದಾಗಿ ತೋರಿಸೋದೇ ಇಲ್ಲ. "ಎರಡು ದಿನದಲ್ಲಿ ಮುಗಿಸು" ಅಂತಾನೇ ತೋರಿಸತ್ತೆ, ಐದನೇ ದಿನ ಸಣ್ಣ ಅಕ್ಷರದಲ್ಲಿ ಕೆಳಗಿರತ್ತೆ. ಕಡೇ ದಿನ ತೋರಿಸಿದ್ರೆ ಕಡೇ ದಿನವೇ ಮಾಡೋದು ಮನುಷ್ಯ ಸ್ವಭಾವ, ನಾವು ಕರೆಂಟ್ ಬಿಲ್ ಕಟ್ಟೋ ಥರ.

ಇಮೇಲ್ ಕಳಿಸಿದ್ರೆ ಸಾಲಲ್ವಾ?

ಆ ವಯಸ್ಸಿನವರು ಇಮೇಲ್ ಓದಲ್ಲ. ಟೆಕ್ಸ್ಟ್ ಮೆಸೇಜು, ಅದೂ ಒಂದೇ ಸಾಲು. ಮತ್ತೆ ಅವರು ಫ್ರೀ ಇರೋದು ಬಸ್ಸಲ್ಲಿ, ಮ್ಯಾಚಿಗೆ ಬೇರೆ ಊರಿಗೆ ಹೋಗ್ತಾ, ಸಿಗ್ನಲ್ ಬಂದು ಹೋಗಿ ಮಾಡ್ತಿರೋ ಜಾಗದಲ್ಲಿ. ಅರ್ಧ ತುಂಬಿದ್ದು ಅಲ್ಲೇ ಉಳೀಬೇಕು, ಅಗ್ರಿಮೆಂಟ್ ಫೋಟೋ ತೆಗೆದು ಹಾಕಿದ್ರೆ ಸಿಗ್ನಲ್ ಬಂದಾಗ ತಾನೇ ಹೋಗ್ಬೇಕು.

ಎಐ ಹಾಕಿ ಅಗ್ರಿಮೆಂಟ್ ಓದಿಸಿಬಿಟ್ರೆ ಹುಡುಗ ಏನೂ ತುಂಬೋದೇ ಬೇಡ ಅಲ್ವಾ?

ಎಲ್ರೂ ಕೇಳೋ ಪ್ರಶ್ನೆ, ಹೂಡಿಕೆ ಮಾಡೋರಂತೂ ಮೊದ್ಲು ಇದನ್ನೇ ಕೇಳ್ತಾರೆ. ಓದಿಸ್ತೀವಿ, ಆದ್ರೆ ಅದು ಬರ್ಕೊಡೋದು ಡ್ರಾಫ್ಟು. ಒಂದ್ಸಲ ಅಗ್ರಿಮೆಂಟಲ್ಲಿ "ಪ್ರತಿ ಪೋಸ್ಟಿಗೆ 1,500 ಡಾಲರ್, ಹೆಚ್ಚೆಂದ್ರೆ ನಾಲ್ಕು ಪೋಸ್ಟು" ಅಂತ ಇತ್ತು, ಅದು ಡೀಲ್ ಮೊತ್ತ 1,500 ಅಂತ ಹಾಕ್ತು. 6,000ದ ಡೀಲು. ಅದಕ್ಕೆ ಮೊತ್ತ, ತಾರೀಖು, ಏನು ಕೆಲಸ, ಎಷ್ಟು ದಿನ, ಈ ನಾಲ್ಕನ್ನ ಆಟಗಾರ ತಾನೇ ನೋಡಿ ಒಪ್ಪದೇ ಮುಂದೆ ಹೋಗಲ್ಲ, ಪಕ್ಕದಲ್ಲೇ ಅಗ್ರಿಮೆಂಟಿನ ಆ ಸಾಲೂ ಕಾಣತ್ತೆ.

ಎಐ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಬೇರೆ ಕಡೆ. ನಿನ್ನ ಮುಖವನ್ನ ಎಂದೆಂದಿಗೂ ಬಳಸ್ಕೋತೀವಿ ಅನ್ನೋ ಸಾಲು, ಕಾಲೇಜ್ ಬದಲಾಯಿಸಿದ್ರೆ ದುಡ್ಡು ವಾಪಸ್ ಕೊಡ್ಬೇಕು ಅನ್ನೋ ಸಾಲು, ಕಾಲೇಜ್ ಮುಗಿದ ಮೇಲೂ ನಿನ್ನ ಗಳಿಕೇಲಿ ಪಾಲು ಅನ್ನೋ ಸಾಲು, ಇಂಥವನ್ನ ಹುಡುಕಿ ಕೆಂಪು ಗೆರೆ ಎಳೆದು "ಸಹಿ ಹಾಕೋಕೆ ಮುಂಚೆ ಯಾರಿಗಾದ್ರೂ ತೋರಿಸು" ಅನ್ನೋದು. ಅದನ್ನ ಚೆನ್ನಾಗಿ ಮಾಡತ್ತೆ. ಹಾಕ್ಬೇಕಾ ಬೇಡ್ವಾ ಅಂತ ಮಾತ್ರ ಹೇಳ್ಬಾರ್ದು, ಅದು ಲಾಯರ್ ಕೆಲಸ.

ಯಾವ ಜಾಹೀರಾತು ಮಾಡಲೇಬಾರ್ದು?

ರಾಜ್ಯ ಮತ್ತೆ ಕಾಲೇಜು ನೋಡ್ಕೊಂಡು ಬದಲಾಗತ್ತೆ. ಜೂಜು, ಮದ್ಯ, ತಂಬಾಕು, ಗಾಂಜಾ ಇವು ಸಾಮಾನ್ಯವಾಗಿ ಪಟ್ಟೀಲಿ ಇರ್ತಾವೆ. ಇನ್ನೊಂದು ತಲೆನೋವು ಕಾಲೇಜಿನ ಸ್ಪಾನ್ಸರ್. ಕಾಲೇಜು ಅಡಿಡಾಸ್ ಜೊತೆ, ಹುಡುಗ ನೈಕಿ ಜೊತೆ, ಏನ್ ಮಾಡೋದು? ಮತ್ತೆ ಜರ್ಸಿ, ಲೋಗೋ ಇವೆಲ್ಲ ಕಾಲೇಜಿನ ಸ್ವತ್ತು, ಅನುಮತಿ ಇಲ್ದೆ ಜಾಹೀರಾತಲ್ಲಿ ಹಾಕಂಗಿಲ್ಲ. ನಾವು ಕೇಳೋದು ಇಷ್ಟೇ, "ಫೋಟೋದಲ್ಲಿ ಏನ್ ಬಟ್ಟೆ ಹಾಕಿರ್ತೀಯ? ಎಲ್ಲಿ ತೆಗೀತಾರೆ?" ಆ ಎರಡು ಉತ್ತರದಿಂದಾನೇ ಮುಕ್ಕಾಲು ಪಾಲು ಗೊತ್ತಾಗತ್ತೆ.

ಪೋಸ್ಟ್ ಮೇಲೆ ಇದು ಜಾಹೀರಾತು ಅಂತ ಕಾಣೋ ಹಾಗೆ ಹಾಕ್ಬೇಕು ಅನ್ನೋದು ಗ್ರಾಹಕರ ಹಿತ ಕಾಯೋ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಟಿಸಿಯ ನಿಯಮ, ಹ್ಯಾಶ್‌ಟ್ಯಾಗ್ ರಾಶಿ ಕೆಳಗೆ ಬಚ್ಚಿಟ್ರೆ ಆಗಲ್ಲ. ಆಪಲ್ಲಿ ಪೋಸ್ಟ್ ಲಿಂಕ್ ಹಾಕೋ ಹೊತ್ತಿಗೆ ಇದನ್ನ ನೆನಪಿಸ್ತೀವಿ.

ಕೋಚ್‌ಗೆ ಎಲ್ಲಾ ಕಾಣತ್ತಾ?

ಕಾಣ್ಬಾರ್ದು. ಕ್ಲೈಂಟ್ ಜೊತೆ ನಾವು ಜಗಳ ಆಡಿ ಗೆದ್ದಿದ್ದು ಇದೊಂದನ್ನೇ ಅನ್ಸತ್ತೆ. ಕೋಚ್‌ಗೆ "ಈ ಆಟಗಾರನ ಪೇಪರ್ ಕೆಲಸ ಬಾಕಿ ಇದೆ" ಅಂತ ಗೊತ್ತಾದ್ರೆ ಸಾಕು, ಯಾರಿಗೆಷ್ಟು ಬಂತು ಅಂತ ಬೇಡ. ಒಂದೇ ರೂಮಲ್ಲಿ ಬಟ್ಟೆ ಬದಲಾಯಿಸೋ ಹುಡುಗ್ರ ನಡುವೆ ಮೊತ್ತ ಹೊರಗೆ ಬಂದ್ರೆ ಟೀಮ್ ಒಡೆಯತ್ತೆ. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಗೆ 1974ರ ಫೆರ್ಪಾ ಕಾನೂನು ಇದೆ, ಇನ್ನೊಂದು ಕಡೆ ಸರ್ಕಾರಿ ಯೂನಿವರ್ಸಿಟಿಗಳಿಗೆ ನಮ್ಮ ಆರ್‌ಟಿಐ ಥರದ ರಾಜ್ಯ ಕಾನೂನುಗಳಿವೆ, ಪತ್ರಕರ್ತರು ಅರ್ಜಿ ಹಾಕ್ತಾರೆ. ಏನು ಕೊಡ್ಬೇಕು ಏನು ಕೊಡ್ಬಾರ್ದು ಅನ್ನೋದು ಕಾಲೇಜಿನ ಲಾಯರ್ ತೀರ್ಮಾನ, ಆದ್ರೆ ಬೇಡದ್ದನ್ನ ಇಟ್ಕೊಳ್ಳದೇ ಇರೋದು ನಮ್ಮ ತೀರ್ಮಾನ. ಬ್ಯಾಂಕ್ ಅಕೌಂಟ್ ನಂಬರ್ ರಿಪೋರ್ಟಿಂಗ್‌ಗೆ ಬೇಡ, ಕೇಳಲ್ಲ.

ಬೆಂಗಳೂರಿನ ನಮ್ಮ ಮಷಿನ್‌ಗಳಲ್ಲಿ ನಿಜವಾದ ಒಬ್ಬ ಆಟಗಾರನ ಡೇಟಾನೂ ಇಲ್ಲ, ಎಲ್ಲಾ ನಾವೇ ಸೃಷ್ಟಿ ಮಾಡಿದ ಹೆಸರುಗಳು. ಟೆಸ್ಟ್ ಲಿಸ್ಟಲ್ಲಿ ಅರ್ಧ ಜನ ನಮ್ಮ ಟೀಮಿನವರ ಸೋದರಮಾವಂದಿರು, ಒಬ್ಬ ಮಾವ ಡಿವಿಷನ್ 1 ಜಿಮ್ನಾಸ್ಟು.

ಅಪ್ಪ ಅಮ್ಮ, ಏಜೆಂಟ್?

ಆಟಗಾರ ಒಪ್ಪಿ ಸೇರಿಸಿದ್ರೆ ಮಾತ್ರ. ತುಂಬೋಕೆ ಸಹಾಯ ಮಾಡ್ಬಹುದು, ಕೊನೇ ಒಪ್ಪಿಗೆ ಆಟಗಾರನದ್ದೇ. ಹೊರಗೆ ಹಾಕೋ ಬಟನ್ನೂ ಅವನ ಕೈಲೇ ಇರತ್ತೆ, ಏಜೆಂಟ್ ಜೊತೆ ಜಗಳ ಆದ ಮೇಲೂ ಅವನು ಲಾಗಿನ್ ಆಗಿ ನೋಡ್ತಾ ಕೂತಿರೋದು ಬೇಡ.

ಟ್ಯಾಕ್ಸ್ ಕೂಡ ಆಪ್ ನೋಡ್ಕೊಳ್ಳತ್ತಾ?

ಎಚ್ಚರಿಸತ್ತೆ ಅಷ್ಟೆ. ಆದ್ರೆ ಡಿಸೈನ್ ಮಾಡೋರು ಒಂದು ತಿಳ್ಕೊಂಡಿರ್ಬೇಕು. ದುಡ್ಡು ಕೊಟ್ಟೋರು ಟ್ಯಾಕ್ಸ್ ಇಲಾಖೆಗೆ ಲೆಕ್ಕ ಒಪ್ಪಿಸೋ 1099 ಫಾರ್ಮಿಗೂ ಮೊದ್ಲು 600 ಡಾಲರ್ರೇ ಗಡಿ ಇತ್ತು, ಎನ್‌ಐಎಲ್ ಗೋ ಗೂ 600, ಎಷ್ಟೋ ಜನ ಕೋಡಲ್ಲಿ ಎರಡಕ್ಕೂ ಒಂದೇ ನಂಬರ್ ಬರ್ದಿಟ್ಟಿದ್ರು. 2026ರಿಂದ ಟ್ಯಾಕ್ಸ್ ಫಾರ್ಮಿನ ಗಡಿ 2,000 ಆಯ್ತು, ಇನ್ನೊಂದು ಅಲ್ಲೇ ಇದೆ. ಫಾರ್ಮ್ ಬರ್ಲಿಲ್ಲ ಅಂದ್ರೆ ಟ್ಯಾಕ್ಸ್ ಇಲ್ಲ ಅಂತಲೂ ಅಲ್ಲ, ಸ್ವಂತ ದುಡಿಮೆ ನಿವ್ವಳ 400 ಡಾಲರ್ ದಾಟಿದ್ರೆ 15.3 ಪರ್ಸೆಂಟ್ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸು ಬರತ್ತೆ. ಫ್ರೀಯಾಗಿ ಸಿಕ್ಕಿದ ಟ್ರಕ್ಕಿಗೂ ಟ್ಯಾಕ್ಸ್ ಇದೆ, ಕೈಲಿ ಕಾಸಿಲ್ದೆ ಟ್ಯಾಕ್ಸ್ ಕಟ್ಟೋದು ಹೇಗೆ ಅಂತ ಏಪ್ರಿಲ್‌ನಲ್ಲಿ ತಲೆ ಕೆರ್ಕೊಳ್ಳೋ ಬದ್ಲು ಡೀಲ್ ಹಾಕೋ ದಿನವೇ ಆಪ್ ಹೇಳಿಬಿಡತ್ತೆ.

ಹುಡುಗ ಕಾಲೇಜ್ ಬದಲಾಯಿಸಿದ್ರೆ?

ಈಗ ತುಂಬಾ ಬದಲಾಯಿಸ್ತಾರೆ. ರಾಜ್ಯ ಬದಲಾದ್ರೆ ಕಾನೂನು ಬದಲು, ಕಾಲೇಜ್ ಬದಲಾದ್ರೆ ಸ್ಪಾನ್ಸರ್ ಬದಲು, ಮೊನ್ನೆವರೆಗೆ ಸರಿ ಇದ್ದ ಡೀಲ್ ಇವತ್ತು ತೊಡಕು. ದಾಖಲೆ ಆಟಗಾರನ ಜೊತೆ ಹೋಗ್ಬೇಕು ಅಂತ ನಾವು ಶುರುವಿಂದಾನೇ ಕಟ್ಟಿದ್ವಿ. ಮತ್ತೆ ನಿಯಮಗಳನ್ನ ಕೋಡಲ್ಲಿ ಬರೀಬೇಡಿ ದಯವಿಟ್ಟು. 2021ರಿಂದ ಎಷ್ಟು ಸಲ ಬದಲಾಗಿದೆ ಅಂದ್ರೆ, ಬೇರೆ ಟೇಬಲ್‌ನಲ್ಲಿ ತಾರೀಖಿನ ಸಮೇತ ಇಟ್ರೆ ಮಾತ್ರ ಬದುಕ್ತೀರ. ಹಳೇ ಡೀಲಿಗೆ ಅವತ್ತಿನ ನಿಯಮ, ಹೊಸದಕ್ಕೆ ಇವತ್ತಿನದು.

ಆಪಿಗೆ ದುಡ್ಡು ಯಾರು ಕೊಡ್ತಾರೆ?

ಕಾಲೇಜು. ಆಟಗಾರರಿಗೆ ಫ್ರೀ. ಡೀಲ್ ಮೇಲೆ ಕಮಿಷನ್ ತಗೊಳ್ಳಲ್ಲ, ಡೀಲ್ ದೊಡ್ಡದಾದಷ್ಟೂ ನಮಗೆ ಲಾಭ ಅಂತಾದ್ರೆ "ಇದು ಸರಿ ಇಲ್ಲ" ಅಂತ ನಾವು ಹೇಳೋದನ್ನ ಯಾರು ನಂಬ್ತಾರೆ.

ನಮ್ಮ ಮಗಳು ಮೈಸೂರಿಂದ ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಹೋಗಿದಾಳೆ, ಅವಳೂ ಡೀಲ್ ಮಾಡ್ಬಹುದಾ?

ಇಲ್ಲಿಂದ ಹೋಗಿರೋ ಮಕ್ಕಳ ಅಪ್ಪ ಅಮ್ಮ ಕೇಳೋದು ಇದನ್ನೇ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಎಫ್‌-1, ಅಂದ್ರೆ ಸ್ಟೂಡೆಂಟ್ ವೀಸಾದಲ್ಲಿ ಹೋಗಿರೋರಿಗೆ ಎನ್‌ಸಿಎಎ ಬೇಡ ಅನ್ನಲ್ಲ, ಅಡ್ಡ ಬರೋದು ವೀಸಾ. ಎಫ್‌-1ನಲ್ಲಿ ಕ್ಯಾಂಪಸ್ ಒಳಗೆ ತರಗತಿ ನಡೆಯೋವಾಗ ವಾರಕ್ಕೆ 20 ಗಂಟೆವರೆಗೆ ಕೆಲಸ ಮಾಡ್ಬಹುದು, ಹೊರಗೆ ಕೆಲಸ ಮಾಡೋಕೆ ಬೇರೆ ಅನುಮತಿ. ಅಂಗಡಿಗೆ ಹೋಗಿ ಫೋಟೋಗೆ ನಿಂತು ಪೋಸ್ಟ್ ಹಾಕಿ ದುಡ್ಡು ತಗೊಂಡ್ರೆ ಅದನ್ನ ಕೆಲಸ ಅಂತ ನೋಡೋ ಸಾಧ್ಯತೆ ಇದೆ. ಅಮೆರಿಕದವಳೇ ಆದ ಜೊತೆಗಾರ್ತಿಗೆ ತೊಂದ್ರೆ ಆದ್ರೆ ಒಂದು ಡೀಲ್ ಹೋಗತ್ತೆ, ಇವಳಿಗೆ ತೊಂದ್ರೆ ಆದ್ರೆ ವೀಸಾನೇ ಹೋಗ್ಬಹುದು. ಕೆಂಟಕಿ ಯೂನಿವರ್ಸಿಟಿಯಲ್ಲಿ ಆಡ್ತಿದ್ದ ಕಾಂಗೋ ದೇಶದ ಆಸ್ಕರ್ ಶೀಬ್ವೆ 2022ರಲ್ಲಿ ಟೀಮು ಬಹಾಮಾಸ್‌ಗೆ ಹೋದಾಗ ಅಲ್ಲೇ, ಅಮೆರಿಕದ ನೆಲದ ಹೊರಗೆ, ಜಾಹೀರಾತು ಕೆಲಸ ಮುಗಿಸ್ಕೊಂಡ. ಅವನ ಹಿಂದೆ ಕಾಲೇಜು, ಲಾಯರ್‌ಗಳು ಎಲ್ಲಾ ಇದ್ರು, ಅದನ್ನ ನೋಡಿ ರಜಕ್ಕೆ ಮೈಸೂರಿಗೆ ಬಂದಾಗ ಮಾಡಿದ್ರಾಯ್ತು ಅಂತ ನೀವೇ ತೀರ್ಮಾನ ಮಾಡ್ಬೇಡಿ.

ಆಪಲ್ಲಿ ನಾವು ಮಾಡಿರೋದು, ಡೀಲಿನ ಮೊದಲ ಸ್ಕ್ರೀನಲ್ಲೇ "ನೀನು ಸ್ಟೂಡೆಂಟ್ ವೀಸಾದಲ್ಲಿ ಇದೀಯಾ?" ಅಂತ ಕೇಳ್ತೀವಿ. ಹೌದು ಅಂದ್ರೆ ಫಾರ್ಮ್ ಮುಂದೆ ಹೋಗಲ್ಲ. ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಲ್ಲಿ ಅವಳ ಕಡತ ನೋಡೋರ ಹೆಸರು, ಅಪಾಯಿಂಟ್‌ಮೆಂಟ್ ತಗೊಳ್ಳೋ ಬಟನ್, "ಇವರ ಹತ್ರ ಮಾತಾಡೋವರೆಗೆ ಸಹಿ ಹಾಕ್ಬೇಡ, ವಸ್ತು ತಗೋಬೇಡ, ಪೋಸ್ಟ್ ಹಾಕ್ಬೇಡ" ಅಂತ ಮೂರು ಸಾಲು. ಒಬ್ರು ತಂದೆ ಫೋನಲ್ಲಿ "ಹಂಗಾದ್ರೆ ಯಾರಾದ್ರೂ ರಾಕೆಟ್ ಫ್ರೀಯಾಗಿ ಕೊಟ್ರೂ ಬೇಡ್ವಾ ಸಾರ್?" ಅಂತ ಕೇಳಿದ್ರು. ಟೀಮು ಕೊಡೋ ರಾಕೆಟ್ಟು ಬೇರೆ ಸಾರ್, ಇನ್‌ಸ್ಟಾದಲ್ಲಿ ಹಾಕು ಅಂತ ಅಂಗಡಿಯವನು ಕೊಡೋ ರಾಕೆಟ್ಟು ಬೇರೆ. ಎರಡನೇದಕ್ಕೆ ಮೊದ್ಲು ಆ ಆಫೀಸಿಗೆ ಹೋಗಿ ಕೇಳೋಕೆ ಹೇಳಿ ಅಂದೆ.

ಬೇರೆ ಭಾಷೇಲಿ ಇದೆಯಾ?

ಇಂಗ್ಲಿಷ್ ಮತ್ತೆ ಸ್ಪ್ಯಾನಿಷ್. ಕನ್ನಡ ಇಲ್ಲ. ಅಪ್ಪ ಅಮ್ಮಂದಿರಿಗೆ ಸದ್ಯಕ್ಕೆ ಈ ಪುಟನೇ ಇರೋದು, ಏನಾದ್ರೂ ಬಿಟ್ಟಿದ್ರೆ ಕೇಳಿ, ಸೇರಿಸ್ತೀನಿ.